ಮುಂದೆ ಎಂತ? ಹದಿನಾರಕ್ಕೂ ನಲ್ವತ್ತಕ್ಕೂ ಐವತ್ತಾರಕ್ಕೂ ಅದೇ ಪ್ರಶ್ನೆ

ನಮ್ಮ ಕಾಸರಗೋಡು ಕಡೆ ಯಾರು ಸಿಕ್ಕಿದರೂ ಕೇಳುವುದು ಒಂದೇ: "ಮುಂದೆ ಎಂತ?" ಪೂಜೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ, ಬದಿಯಡ್ಕ ಬಸ್ಸಿನಲ್ಲಿ ಹಿಂದಿನ ಸೀಟಿನವರು ಕೇಳುತ್ತಾರೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗಿಗೂ ಅದೇ, ಗಲ್ಫಿನಿಂದ ಪೆಟ್ಟಿಗೆ ಕಟ್ಟಿಕೊಂಡು ಬಂದವರಿಗೂ ಅದೇ, ನಿನ್ನೆ ರಿಟೈರ್ ಆದ ಮೇಷ್ಟ್ರಿಗೂ ಅದೇ. ಕೇಳಿದವರು ಉತ್ತರಕ್ಕೆ ಕಾಯುವುದೂ ಇಲ್ಲ, ಅಷ್ಟರಲ್ಲಿ ಪಾಯಸ ಬಂದಿರುತ್ತದೆ.

ನಾನು ಇದನ್ನು ನನಗೆ ನಾನೇ ಕೇಳಿಕೊಂಡದ್ದು ಮೂವತ್ತಾರನೇ ವಯಸ್ಸಿನಲ್ಲಿ, ರೈಲಿನಲ್ಲಿ. ನಮ್ಮ ಮನೆ ಸೀತಾಂಗೋಳಿ ಹತ್ತಿರ. ಬೆಳಗ್ಗೆ ಬಸ್ಸಲ್ಲಿ ಕುಂಬಳೆ, ಅಲ್ಲಿಂದ ರೈಲಲ್ಲಿ ಉಪ್ಪಳ, ಮಂಜೇಶ್ವರ, ಉಳ್ಳಾಲ ದಾಟಿ ಮಂಗಳೂರು. ಅಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಕೆಟ್ಟ ಕೆಲಸವೇನಲ್ಲ, ಸಂಬಳ ಒಂದನೇ ತಾರೀಕಿಗೆ ಬರುತ್ತಿತ್ತು. ಆದರೆ ಮೇಲಿನ ಹುದ್ದೆ ಕೊಡುತ್ತೇವೆ, ಕೊಡುತ್ತೇವೆ ಎಂದು ನಾಲ್ಕು ವರ್ಷ ಹೇಳಿದರು. ಐದನೇ ವರ್ಷ ಬೇರೆಯವರನ್ನು ತಂದು ಆ ಕುರ್ಚಿಯಲ್ಲಿ ಕೂರಿಸಿ, "ಇವರಿಗೆ ಸ್ವಲ್ಪ ಕೆಲಸ ಕಲಿಸಿಕೊಡಿ ಅಕ್ಕಾ" ಎಂದರು. ಆಮೇಲೆ ದಿನಾ ನೇತ್ರಾವತಿ ಸೇತುವೆ ಬಂದಾಗ ಹೊಟ್ಟೆಯೊಳಗೆ ಏನೋ ಹಿಡಿದ ಹಾಗೆ ಆಗುತ್ತಿತ್ತು.

ಈಗ ನನಗೆ ನಲ್ವತ್ತೇಳು. ಹಳೆಯ ಕನ್ನಡ ಜಾಗದ ದಾಖಲೆಗಳನ್ನು ಮಲಯಾಳಕ್ಕೆ ಮಾಡಿಕೊಡುತ್ತೇನೆ, ಜೊತೆಗೆ ಡಿಟಿಪಿ, ಅರ್ಜಿ ಬರೆಯುವುದು. ಅಲ್ಲಿಂದ ಇಲ್ಲಿಗೆ ಬಂದ ದಾರಿಯಲ್ಲಿ ಕಲಿತದ್ದನ್ನು, ಮತ್ತೆ ಸುತ್ತಮುತ್ತ ಬೇರೆಯವರು ಎಡವಿದ್ದನ್ನು ನೋಡಿ ಗೊತ್ತಾದದ್ದನ್ನು ಬರೆಯುತ್ತೇನೆ. ನಮ್ಮದು ಗಡಿ ಊರು. ಕಷ್ಟವೂ ಜಾಸ್ತಿ, ಬಾಗಿಲೂ ಜಾಸ್ತಿ.

ಕೆಲಸದ ಹೆಸರು ಬಿಡಿ, ಕೆಲಸದ ದಿನ ನೋಡಿ

"ನಿನಗೆ ಏನು ಇಷ್ಟ?" ಎಂದು ಕೇಳಿದರೆ ಹೆಚ್ಚಿನವರಿಗೆ ಉತ್ತರ ಬರುವುದಿಲ್ಲ. ನನಗೂ ಬರಲಿಲ್ಲ. ಯಕ್ಷಗಾನ ಇಷ್ಟ, ಹಲಸಿನಕಾಯಿ ಹಪ್ಪಳ ಇಷ್ಟ, ಅದರಿಂದ ಹೊಟ್ಟೆ ತುಂಬುತ್ತದಾ? ಹಾಗಾಗಿ ಆ ಪ್ರಶ್ನೆಯನ್ನು ಬದಿಗಿಡಿ. ಕೇಳಬೇಕಾದದ್ದು, ಈ ಕೆಲಸ ಮಾಡುವವರ ಒಂದು ಸಾಧಾರಣ ಮಂಗಳವಾರ ಹೇಗಿರುತ್ತದೆ, ಆ ಮಂಗಳವಾರವನ್ನು ನಾನು ಇನ್ನೂರು ಸಲ ಮಾಡಬಲ್ಲೆನಾ ಎಂದು. ಟೀಚರ್ ಎಂದರೆ ಗೌರವದ ಕೆಲಸ, ಸರಿ. ಆದರೆ ಟೀಚರಿನ ಮಂಗಳವಾರ ಎಂದರೆ ನಲ್ವತ್ತು ಮಕ್ಕಳ ಗಲಾಟೆ, ಮಧ್ಯಾಹ್ನದೂಟದ ಲೆಕ್ಕ, ಸಂಜೆ ಮನೆಗೆ ತರುವ ಪೇಪರ್ ಕಟ್ಟು. ಅದು ಹಿಡಿಸುವವರಿಗೆ ತುಂಬ ಹಿಡಿಸುತ್ತದೆ. ಹಿಡಿಸದವರು ಮೂವತ್ತು ವರ್ಷ ಬೆಲ್ ಹೊಡೆಯುವುದನ್ನೇ ಕಾಯುತ್ತಾರೆ.

ಇದಕ್ಕೆ ನಾನು ಮಾಡಿದ್ದು ತೀರಾ ಸಣ್ಣ ಉಪಾಯ. ಒಂದು ನೋಟ್‌ಬುಕ್ ತೆಗೆದುಕೊಂಡೆ, ಮಗಳದ್ದು, ಅರ್ಧ ಬರೆದು ಬಿಟ್ಟದ್ದು. ವಾಪಸ್ ಬರುವ ರೈಲಿನಲ್ಲಿ ಅವತ್ತು ಮಾಡಿದ ಕೆಲಸಗಳನ್ನು ಬರೆದು ಪಕ್ಕದಲ್ಲಿ ಒಂದೇ ಅಕ್ಷರ ಹಾಕುವುದು. ಹಗುರ ಆಯಿತು ಅನಿಸಿದರೆ "ಹ", ಭಾರ ಆಯಿತು ಅನಿಸಿದರೆ "ಭಾ". ಆಫೀಸಿನದ್ದು ಮಾತ್ರ ಅಲ್ಲ, ಮನೆಯದ್ದು, ಊರಿನದ್ದು ಎಲ್ಲ. ಒಂದು ತಿಂಗಳು ಬಿಡದೆ ಬರೆದೆ. ವೋಚರ್ ಎಂಟ್ರಿ, ಭಾ. ಬ್ಯಾಂಕಿಗೆ ಹೋದದ್ದು, ಭಾ. ತಪ್ಪಾದ ಒಂದು ಲೆಕ್ಕವನ್ನು ಹುಡುಕಿ ಹಿಡಿದದ್ದು, ಹ. ಭಾನುವಾರ ಪಕ್ಕದ ಮನೆಯ ಬ್ಯಾರಿ ಅಜ್ಜನ ಹಳೆಯ ಜಾಗದ ಕಾಗದ ಓದಿ ಹೇಳಿದ್ದು, ಹ. ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ, ಯಾಕೆ ಎಂದು ಆವಾಗ ಗೊತ್ತಿರಲಿಲ್ಲ.

ಆ ಕಾಗದ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮದ್ರಾಸ್ ಸರಕಾರದ ಕಾಲದ್ದು, ಮಡಿಕೆಯಲ್ಲಿ ಹರಿದದ್ದು, ಹಿಂದಿನಿಂದ ಯಾರೋ ಅನ್ನದ ಗಂಜಿ ಹಚ್ಚಿ ತೆಳು ಕಾಗದ ಅಂಟಿಸಿದ್ದರು. ಮೋಡಿ ಲಿಪಿಯ ಹಾಗೆ ಓಡುವ ಕನ್ನಡ ಅಕ್ಷರ. ಮೂಲಗೇಣಿ, ಚಾಲಗೇಣಿ ಎಂಬ ಗೇಣಿಯ ಬಗೆಗಳು, ವರ್ಗದ ಜಾಗದ ಬದಿಯ ಕುಮ್ಕಿ, ಎಲ್ಲೆ ಹೇಳುವ ಚೆಕ್ಕುಬಂದಿ, ಮೂಡಕ್ಕೆ ಇಂಥವರ ವರ್ಗದ ಜಾಗ, ಪಡುವಕ್ಕೆ ತೋಡು, ಅಂದರೆ ಸಣ್ಣ ಹಳ್ಳ. ಅಜ್ಜನ ಮೊಮ್ಮಗನಿಗೆ ಕನ್ನಡ ಓದಲು ಬರುವುದಿಲ್ಲ. ಜಾಗದ ಕಾಗದ ನೋಡುವ ಸರಕಾರಿ ಆಫೀಸಿನಲ್ಲಿ ಕೂತವರಿಗೆ ಕನ್ನಡವೇ ಬರುವುದಿಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ಕಾಗದಗಳು ಮಾತ್ರ ಕನ್ನಡದಲ್ಲೇ ಉಳಿದವು. ಆ ಭಾನುವಾರ ಎರಡು ಗಂಟೆ ಕೂತು ಒಂದೊಂದು ಸಾಲು ಬಿಡಿಸಿ ಹೇಳಿದೆ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ತಿಂಗಳ ಕೊನೆಗೆ ನೋಟ್‌ಬುಕ್ ನೋಡಿದರೆ ವಿಷಯ ಸ್ಪಷ್ಟ ಇತ್ತು. ನನಗೆ ಲೆಕ್ಕ ಬೇಸರ ಅಲ್ಲ. ಗಂಟು ಬಿಡಿಸುವ ಕೆಲಸ ಹಿಡಿಸುತ್ತದೆ, ತುಂಬಿಸುವ ಕೆಲಸ ಹಿಡಿಸುವುದಿಲ್ಲ. ನೀವೂ ಹೀಗೆ ಮಾಡಿ. ಒಂದು ವಾರದಲ್ಲಿ ಬಿಟ್ಟುಬಿಡಬೇಡಿ, ವಾರದಲ್ಲಿ ಗೊತ್ತಾಗುವುದು ಬಾಸ್‌ನ ಮೂಡ್ ಮಾತ್ರ.

ಇದರ ನಂತರದ ಹೆಜ್ಜೆ, ಆ ಕೆಲಸ ಮಾಡುತ್ತಿರುವ ಮೂರು ಜನರನ್ನು ಹೋಗಿ ಮಾತಾಡಿಸುವುದು. ಫೋನಿನಲ್ಲಿ ಬೇಡ, ಅವರ ಅಂಗಡಿಗೋ ತೋಟಕ್ಕೋ ಹೋಗಿ. "ಈ ಲೈನ್ ಒಳ್ಳೆಯದಾ?" ಎಂದು ಕೇಳಿದರೆ ಯಾರಾದರೂ "ಹ್ಞಾಂ, ತೊಂದರೆ ಇಲ್ಲ" ಎನ್ನುತ್ತಾರೆ, ಅದರಿಂದ ಏನೂ ಸಿಗುವುದಿಲ್ಲ. ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ ಎಂದು ಕೇಳಿ. ಯಾವ ತಿಂಗಳು ಕೈಯಲ್ಲಿ ದುಡ್ಡು ಇರುವುದಿಲ್ಲ? ಗಿರಾಕಿ ದುಡ್ಡು ಕೊಡಲು ಎಷ್ಟು ದಿನ ಸತಾಯಿಸುತ್ತಾರೆ? ಬೆನ್ನು, ಕಣ್ಣು, ಮೊಣಕಾಲು ಹೇಗಿದೆ? ನಾನು ಕೇಳಿದ ಒಬ್ಬ ಡಿಟಿಪಿ ಅಂಗಡಿಯವರು ಮಳೆಗಾಲದ ಜೂನ್-ಜುಲೈಯಲ್ಲಿ ಕರೆಂಟ್ ಹೋಗುವ ಲೆಕ್ಕ ಹೇಳಿದರು. ನಾನು ಮೊದಲು ಕೊಂಡದ್ದು ಕಂಪ್ಯೂಟರ್ ಅಲ್ಲ, ಇನ್ವರ್ಟರ್.

ಹದಿನಾರರಲ್ಲಿ: ಬಾಗಿಲು ಮುಚ್ಚಬೇಡಿ

ಎಸ್‌ಎಸ್‌ಎಲ್‌ಸಿ ಮುಗಿದ ಮಕ್ಕಳಿಗೆ ಜೀವನದ ಗುರಿ ಏನು ಎಂದು ಕೇಳುವುದೇ ತಪ್ಪು. ಆ ವಯಸ್ಸಿಗೆ ಗೊತ್ತಿರಬೇಕಾದ್ದು ಯಾವ ದಾರಿ ಹಿಡಿದರೆ ಯಾವ ಬಾಗಿಲು ಮುಚ್ಚುತ್ತದೆ ಎನ್ನುವುದಷ್ಟೆ. ಪ್ಲಸ್ ಒನ್‌ನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ, ಗಣಿತ ಬಿಟ್ಟರೆ ಇಂಜಿನಿಯರಿಂಗ್ ಕಡೆಗೆ ಹೋಗುವುದು ಕಷ್ಟ. ಜೀವಶಾಸ್ತ್ರ ಇಲ್ಲದೆ ಬಿಎಸ್ಸಿ ನರ್ಸಿಂಗ್ ಇಲ್ಲ. ಆದರೆ ಸಿಎಗೆ ಕಾಮರ್ಸ್ ಮಾತ್ರ ಎಂದೇನಿಲ್ಲ, ಪ್ಲಸ್ ಟು ಯಾವುದಾದರೂ ಆಗುತ್ತದೆ. ಇದನ್ನು ಒಂದು ಕಾಗದದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ, ಸುಮ್ನೆ ವಾದ ಮಾಡುವುದಕ್ಕಿಂತ ಅದು ಮೇಲು.

ನಮ್ಮ ಮಕ್ಕಳಿಗೆ ಒಂದು ವಿಶೇಷ ಸಂಕಟ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹತ್ತು ವರ್ಷ ಕನ್ನಡ ಮೀಡಿಯಂನಲ್ಲಿ ಓದಿದ ಮಗು ಪ್ಲಸ್ ಒನ್‌ಗೆ ಹೋದ ಕೂಡಲೇ ಪುಸ್ತಕ ಇಂಗ್ಲಿಷ್, ಪಾಠ ಅರ್ಧ ಮಲಯಾಳ. ನನ್ನ ಅಕ್ಕನ ಮಗ ಮೊದಲ ಓಣಂ ಪರೀಕ್ಷೆಯಲ್ಲಿ ಫಿಸಿಕ್ಸ್‌ನಲ್ಲಿ ಬಿದ್ದ. ಮನೆಗೆ ಬಂದು, "ಚಿಕ್ಕಮ್ಮಾ, ಸೈನ್ಸ್ ನನ್ನಿಂದಾಗುವುದಿಲ್ಲ, ನಾನು ಬಿಡುತ್ತೇನೆ" ಎಂದು ಕೂತ. ನಾನು ಅದೇ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಹತ್ತರಲ್ಲಿ ಏಳು ಪ್ರಶ್ನೆಗೆ ಬಾಯಲ್ಲೇ ಉತ್ತರ ಹೇಳಿದ! ಅವನಿಗೆ ಬಾರದ್ದು ಫಿಸಿಕ್ಸ್ ಅಲ್ಲ, "ಡಿಸ್‌ಪ್ಲೇಸ್‌ಮೆಂಟ್" ಎಂಬ ಶಬ್ದ. ಹಾಗಾಗಿ ಪ್ಲಸ್ ಒನ್‌ನ ಮೊದಲ ಆರು ತಿಂಗಳಲ್ಲಿ ಯಾವ ತೀರ್ಮಾನವೂ ಬೇಡ. ಶಬ್ದಗಳ ಪಟ್ಟಿ ಮಾಡಿ, ಇಂಗ್ಲಿಷ್ ಒಂದು ಕಡೆ, ಕನ್ನಡ ಇನ್ನೊಂದು ಕಡೆ. ಕ್ರಿಸ್‌ಮಸ್ ಪರೀಕ್ಷೆ ಆದ ಮೇಲೆ ಯೋಚನೆ ಮಾಡಿದರೆ ಸಾಕು.

ಪಾಲಿಟೆಕ್ನಿಕ್, ಐಟಿಐ ಎಂದರೆ ಮೂಗು ಮುರಿಯುವವರಿದ್ದಾರೆ. ಪಾಲಿಟೆಕ್ನಿಕ್ ಡಿಪ್ಲೊಮಾ ಹತ್ತನೇ ಕ್ಲಾಸಿನ ನಂತರ ಮೂರು ವರ್ಷ. ಅದು ಆದ ಮೇಲೆ ಬೇಕಿದ್ದರೆ ಲ್ಯಾಟರಲ್ ಎಂಟ್ರಿಯಲ್ಲಿ ಬಿಟೆಕ್ ಎರಡನೇ ವರ್ಷಕ್ಕೇ ಸೇರಬಹುದು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಎರಡು ವರ್ಷ. ಪಂಪು ಕೆಟ್ಟಾಗ ನಮ್ಮೂರಲ್ಲಿ ಅವರ ಹಿಂದೆ ಎಷ್ಟು ಜನ ಓಡುತ್ತಾರೆ ನೋಡಿದ್ದೀರಲ್ವಾ?

ಇನ್ನೊಂದು, ಇದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆಂದೇ ಒಂದು ಅವಕಾಶ ಇದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗದವರಿಗೆ, ಹಾಗೆಯೇ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ಸೊಲ್ಲಾಪುರ, ಗಡಹಿಂಗ್ಲಜ ಕಡೆಯವರಿಗೆ. ಕನ್ನಡ, ತುಳು ಅಥವಾ ಕೊಡವ ಮನೆಮಾತಾಗಿರಬೇಕು, ಎಷ್ಟು ವರ್ಷ ಇಲ್ಲಿ ಓದಿದ್ದೀರಿ ಎಂಬುದಕ್ಕೆ ಶಾಲೆಯ ಸರ್ಟಿಫಿಕೇಟ್ ಬೇಕು. ಆ ವರ್ಷದ ಮಾಹಿತಿ ಪುಸ್ತಕ ಬಂದ ದಿನವೇ ಅರ್ಹತೆಯ ಕಲಮುಗಳನ್ನು ಸಾಲು ಬಿಡದೆ ಓದಿ. ಕೊನೇ ದಿನ ಹೆಡ್‌ಮಾಸ್ತರರ ಸಹಿಗೆ ಓಡಿದರೆ ಅವರು ಮದುವೆಗೆ ಹೋಗಿರುತ್ತಾರೆ.

ಇಪ್ಪತ್ತೆರಡರಿಂದ ಮೂವತ್ತು: ಕಾಯುವುದಕ್ಕೂ ಒಂದು ತಾರೀಕು

ಡಿಗ್ರಿ ಆಯಿತು, ಬಿಎಡ್ ಆಯಿತು, ಈಗ ಪಿಎಸ್‌ಸಿ, ಅಂದರೆ ಸರಕಾರಿ ಕೆಲಸಕ್ಕೆ ಕೇರಳ ಲೋಕಸೇವಾ ಆಯೋಗದ ಪರೀಕ್ಷೆ. ನಮ್ಮ ಜಿಲ್ಲೆಯಲ್ಲಿ ಕನ್ನಡ ಓದಿದವರಿಗೆ ಇದು ನಿಜವಾದ ಬಾಗಿಲು, ಹಗುರ ಮಾಡಬೇಡಿ. ಕನ್ನಡ ಮೀಡಿಯಂ ಟೀಚರ್ ಹುದ್ದೆ, ಕನ್ನಡ-ಮಲಯಾಳ ಎರಡೂ ಬಲ್ಲವರಿಗಿರುವ ಗುಮಾಸ್ತ ಹುದ್ದೆ, ಇವು ರಾಜ್ಯದ ಬೇರೆ ಕಡೆಯವರಿಗೆ ಸಿಗುವಂಥದ್ದಲ್ಲ. ಹುದ್ದೆ ಕಡಿಮೆ, ಸ್ಪರ್ಧೆಯೂ ಕಡಿಮೆ.

ತೊಂದರೆ ಇರುವುದು ಕಾಯುವುದರಲ್ಲಿ. ಪಿಎಸ್‌ಸಿ ರ್‍ಯಾಂಕ್ ಪಟ್ಟಿಗೆ ಹೆಚ್ಚೆಂದರೆ 3 ವರ್ಷ ಆಯಸ್ಸು. ಎಲ್‌ಡಿ ಕ್ಲರ್ಕ್‌ಗೆ (ಕೆಳದರ್ಜೆಯ ಗುಮಾಸ್ತ) ಸಾಮಾನ್ಯ ವರ್ಗದವರ ವಯಸ್ಸಿನ ಮಿತಿ 36, ಒಬಿಸಿಗೆ 39, ಪರಿಶಿಷ್ಟರಿಗೆ 41. ಅರ್ಜಿ, ಪರೀಕ್ಷೆ, ಪಟ್ಟಿ, ಪಟ್ಟಿಯಲ್ಲಿ ಹೆಸರು, ಕರೆ ಬರುತ್ತದೆ ಬರುತ್ತದೆ ಎನ್ನುವಷ್ಟರಲ್ಲಿ ಪಟ್ಟಿಯೇ ಮುಗಿದುಹೋಗುತ್ತದೆ. ಮತ್ತೆ ಮೊದಲಿಂದ. ನಡುವೆ ದಿನಗೂಲಿ ಟೀಚರ್. ಜೂನ್‌ನಲ್ಲಿ ಸೇರಿಸಿಕೊಂಡು ಮಾರ್ಚ್‌ನಲ್ಲಿ ಬಿಡುತ್ತಾರೆ. ಹೀಗೆ ಮೂವತ್ನಾಲ್ಕಾದವರನ್ನು ನಾನು ಬಲ್ಲೆ, ಒಬ್ಬರಲ್ಲ, ಐದಾರು ಜನ.

ಹಾಗಾಗಿ ಒಂದು ತಾರೀಕು ಹಾಕಿಕೊಳ್ಳಿ. ಇಂಥ ವರ್ಷದ ಇಂಥ ತಿಂಗಳವರೆಗೆ ಪಿಎಸ್‌ಸಿ ಮೊದಲು, ಬೇರೆಯದ್ದು ಆಮೇಲೆ. ಅದು ದಾಟಿದರೆ ಬೇರೆಯದ್ದು ಮೊದಲು, ಪಿಎಸ್‌ಸಿ ರಾತ್ರಿ ಓದಿಗೆ. ತಾರೀಕನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ, ಇಲ್ಲದಿದ್ದರೆ ನಾವೇ ಅದನ್ನು ಮುಂದೆ ಹಾಕುತ್ತಾ ಹೋಗುತ್ತೇವೆ.

ಮತ್ತೆ ಮಲಯಾಳ. ಇದನ್ನು ಬರೆಯುವಾಗ ಬೈಗಳು ಬರುತ್ತವೆ ಎಂದು ಗೊತ್ತು. ಕನ್ನಡಕ್ಕಾಗಿ ಹೋರಾಡಿದವರು ನಮ್ಮ ಹಿರಿಯರು, ಆ ಹೋರಾಟ ನ್ಯಾಯದ್ದೇ, ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದರೆ ನಾನೂ ಧರಣಿಗೆ ಕೂರುತ್ತೇನೆ. ಆದರೆ ಮಲಯಾಳ ಮಾತಾಡಲು ಬರುವ ನಮಗೆ ಓದಲು ಬರೆಯಲು ಬಾರದೇ ಇದ್ದರೆ ನಷ್ಟ ನಮಗೇ. ನಾನು ಅಕ್ಷರ ಕಲಿತದ್ದು ಮೂವತ್ತಾರರಲ್ಲಿ, ಪಕ್ಕದ ಮನೆ ಹುಡುಗನ ಎರಡನೇ ಕ್ಲಾಸಿನ ಪುಸ್ತಕದಿಂದ. ಅವನೇ ನನಗೆ ಮೇಷ್ಟ್ರು. "ೞ" ತಪ್ಪು ಬರೆದರೆ ನಗುತ್ತಿದ್ದ. ನಾಲ್ಕು ತಿಂಗಳು ಬೇಕಾಯಿತು. ಅದಿಲ್ಲದಿದ್ದರೆ ಈಗಿನ ನನ್ನ ಕೆಲಸವೇ ಇರುತ್ತಿರಲಿಲ್ಲ.

ಗಲ್ಫಿಗೆ ಹೊರಟವರಿಗೆ ಎರಡೇ ಮಾತು. ಎಸ್‌ಎಸ್‌ಎಲ್‌ಸಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ಆಗಿರುತ್ತದೆ, ಅಂಥವರು ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಅನುಮತಿ ಬೇಕು. ಟೂರಿಸ್ಟ್ ವೀಸಾದಲ್ಲಿ ಹತ್ತಿಸುತ್ತೇನೆ ಎನ್ನುವವರ ಹಿಂದೆ ಹೋಗಬೇಡಿ. ಇನ್ನೊಂದು, ಸರಕಾರದಲ್ಲಿ ನೋಂದಣಿ ಆದ ಏಜೆಂಟರು ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಅದಕ್ಕಿಂತ ಜಾಸ್ತಿ ಕೇಳಿದರೆ ಎದ್ದು ಬನ್ನಿ.

ಮೂವತ್ತೈದರಿಂದ ಐವತ್ತು: ಒಂದು ಕಾಲು ದಡದಲ್ಲಿರಲಿ

ಈ ವಯಸ್ಸಲ್ಲಿ ಕೆಲಸ ಬದಲಿಸುವುದು ಎಂದರೆ ತೋಡು ದಾಟಿದ ಹಾಗೆ. ಮುಂದಿನ ಕಲ್ಲು ಅಲ್ಲಾಡುತ್ತದಾ ನೋಡದೆ ಹಿಂದಿನ ಕಾಲು ಎತ್ತಬಾರದು. ನಾನು ನೋಟ್‌ಬುಕ್ ಬರೆದ ಮೇಲೆ ಕೆಲಸ ಬಿಟ್ಟದ್ದು ಎರಡು ವರ್ಷ ಕಳೆದು. ಆ ಎರಡು ವರ್ಷ ಶನಿವಾರ ಸಂಜೆ, ಭಾನುವಾರ ದಾಖಲೆ ಕೆಲಸ ಮಾಡಿದೆ. ಮೊದಲ ಹತ್ತು ಕಾಗದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಅದು ತಪ್ಪಾಯಿತು. ಹನ್ನೊಂದನೆಯವರಿಗೆ ಪುಟಕ್ಕೆ ನೂರು ರೂಪಾಯಿ ಎಂದಾಗ "ಅವರಿಗೆ ಸುಮ್ನೆ ಮಾಡಿಕೊಟ್ಟಿರಂತೆ" ಎಂದರು! ಪರೀಕ್ಷೆಗೆಂದು ಮಾಡುವಾಗಲೂ ಸ್ವಲ್ಪವಾದರೂ ದುಡ್ಡು ತೆಗೆದುಕೊಳ್ಳಿ. ಜನ ದುಡ್ಡು ಕೊಟ್ಟು ಬರುತ್ತಾರಾ ಎನ್ನುವುದೇ ತಾನೇ ಪರೀಕ್ಷೆ.

ಬಿಡುವ ಮೊದಲು ಪಿಎಫ್ ಲೆಕ್ಕ ನೋಡಿ. ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಅರ್ಹರಾಗಲು 10 ವರ್ಷದ ಸೇವೆ ಬೇಕು. ನನಗೆ ಆಗ ಎಂಟೂವರೆ ಆಗಿತ್ತು. ಸಿಟ್ಟಿನಲ್ಲಿ ರಾಜೀನಾಮೆ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ, ಲೆಕ್ಕ ಬರೆಯುವ ನನಗೇ ಈ ಲೆಕ್ಕ ಹೊಳೆದಿರಲಿಲ್ಲ. ರೈಲಿನಲ್ಲಿ ಜೊತೆಗೆ ಬರುತ್ತಿದ್ದ ಬ್ಯಾಂಕಿನ ಮಂಜೇಶ್ವರದ ಅಕ್ಕ ಒಬ್ಬರು, "ಹತ್ತು ಆಗಲಿ ಮಾರಾಯ್ತಿ, ಆಮೇಲೆ ಕಾಗದ ಅವರ ಮೇಜಿಗೆ ಬಿಸಾಡು" ಎಂದರು. ಹಾಗೇ ಮಾಡಿದೆ. ಬಿಸಾಡಲಿಲ್ಲ, ಮೆಲ್ಲ ಇಟ್ಟೆ.

ಆರು ತಿಂಗಳ ಮನೆ ಖರ್ಚು ಕೈಯಲ್ಲಿರಬೇಕು ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಮಳೆಗಾಲವನ್ನು ಬೇರೆ ಸೇರಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆ ಫೀಸು, ಜ್ವರ, ಹೆಂಚಿನ ರಿಪೇರಿ ಒಟ್ಟಿಗೆ ಬರುತ್ತವೆ, ಗಿರಾಕಿ ಮಾತ್ರ ಬರುವುದಿಲ್ಲ. ಗಡಿಯ ಇನ್ನೊಂದು ಅಪಾಯವನ್ನು 2020ರ ಮಾರ್ಚ್‌ನಲ್ಲಿ ನೋಡಿದೆವು. ರಸ್ತೆಗೆ ಮಣ್ಣು ಹಾಕಿ ಗಡಿ ಮುಚ್ಚಿದಾಗ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದವರು ಇದ್ದಲ್ಲೇ ಉಳಿದರು. ಆಸ್ಪತ್ರೆಗೆ ಹೋಗಬೇಕಾದವರ ಗತಿ ಇನ್ನೂ ಕೆಟ್ಟದ್ದಾಗಿತ್ತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು, ಸಂಬಳ ಆಚೆ ರಾಜ್ಯದಿಂದ ಬಂದರೂ ಸರಿ, ಸಣ್ಣ ಒಂದು ಆದಾಯ ಈಚೆಯೂ ಇರಲಿ.

ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಮಾಡಬೇಕು ಎನ್ನುವ ಹೆಂಗಸರು ನನ್ನ ಹತ್ತಿರ ತುಂಬ ಬರುತ್ತಾರೆ. ಹೆಚ್ಚಿನವರ ಮೊದಲ ಮಾತು, "ನನಗೆ ಏನೂ ಬರುವುದಿಲ್ಲ ಅಕ್ಕ." ಇಪ್ಪತ್ತು ವರ್ಷ ಬೀಡಿ ಕಟ್ಟಿದವರು ಹಾಗೆನ್ನುತ್ತಾರೆ! ಎಲೆ ನೆನೆಸಿ, ಕತ್ತರಿಸಿ, ಸಾವಿರದ ಲೆಕ್ಕ ಇಟ್ಟು, ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಎಷ್ಟು ತೆಗೆದುಹಾಕಿದರು ಎಂದು ಜಗಳ ಮಾಡಿ ಮನೆ ನಡೆಸಿದವರಿಗೆ ಕೈಚಳಕ, ಲೆಕ್ಕ, ವ್ಯವಹಾರ ಮೂರೂ ಬರುತ್ತದೆ ಎಂದರೆ ನಂಬುವುದಿಲ್ಲ. ಅವರಿಗೆ ನಾನು ಹೇಳುವುದು ಎರಡು ವಿಳಾಸ. ಒಂದು ಕುಟುಂಬಶ್ರೀ, ಕೇರಳದ ಹೆಂಗಸರ ಸ್ವಸಹಾಯ ಸಂಘ, ಅದು ಹೇಗೂ ಎಲ್ಲ ವಾರ್ಡಿನಲ್ಲೂ ಇದೆ, 1998ರಿಂದ ನಡೆಯುತ್ತಿದೆ, ಸಾಲಕ್ಕೆ ಮಾತ್ರ ಅಲ್ಲ ತರಬೇತಿಗೂ ಕೇಳಿ. ಇನ್ನೊಂದು ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರ. ನಮ್ಮ ಜಿಲ್ಲೆಯದ್ದು ಕಾಞಂಗಾಡ್ ಹತ್ತಿರದ ವೆಳ್ಳಿಕೋತ್‌ನಲ್ಲಿದೆ. ಟೈಲರಿಂಗ್, ಹೈನುಗಾರಿಕೆ, ಮೊಬೈಲ್ ರಿಪೇರಿ ಹೀಗೆ, ಫೀಸ್ ಇಲ್ಲ, ಊಟವೂ ಅಲ್ಲೇ. ಈ ಮಾದರಿ ಶುರುವಾದದ್ದೇ ನಮ್ಮ ಪಕ್ಕದ ಉಜಿರೆಯಲ್ಲಿ, 1982ರಲ್ಲಿ.

ತೋಟದ ಬೆಳೆಯಿಂದ ಏನಾದರೂ ತಯಾರಿಸಿ ಮಾರುವ ಆಸೆ ಇದ್ದರೆ ಸಿಪಿಸಿಆರ್‌ಐಗೆ, ಅಂದರೆ ಕೇಂದ್ರ ಸರಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಹೋಗಿ. 1916ರಿಂದ ತೆಂಗಿನ ಸಂಶೋಧನೆ ನಡೆಯುವ ಜಾಗ ನಮ್ಮ ಅಂಗಳದಲ್ಲೇ ಇದೆ, ನಾವು ಮಾತ್ರ ಬಸ್ಸಿನ ಕಿಟಕಿಯಿಂದ ನೋಡಿ ಹೋಗುತ್ತೇವೆ. ತೆಂಗಿನ ಚಿಪ್ಸ್, ತೆಂಗಿನ ಹೊಂಬಾಳೆಯಿಂದ ಇಳಿಸುವ ಕಲ್ಪರಸ, ಇದೆಲ್ಲ ಅವರೇ ಮಾಡಿ ತೋರಿಸಿಕೊಟ್ಟದ್ದು.

ಸಾಲ ಬೇಕಾದರೆ ಪಿಎಂಇಜಿಪಿ, ಸ್ವಂತ ಉದ್ಯೋಗಕ್ಕೆ ಕೇಂದ್ರ ಸರಕಾರದ ಸಬ್ಸಿಡಿ ಸಾಲದ ಯೋಜನೆ. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಸಿಗುತ್ತದೆ. ಹಳ್ಳಿಯಲ್ಲಾದರೆ ಸಾಮಾನ್ಯ ವರ್ಗಕ್ಕೆ ಶೇಕಡಾ 25, ಹೆಂಗಸರಿಗೆ, ಹಿಂದುಳಿದವರಿಗೆ, ಪರಿಶಿಷ್ಟರಿಗೆ, ಅಲ್ಪಸಂಖ್ಯಾತರಿಗೆ 35 ಸಬ್ಸಿಡಿ. ಆದರೆ ಸಬ್ಸಿಡಿ ದುಡ್ಡು ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಕೂತಿರುತ್ತದೆ. "ಸಬ್ಸಿಡಿ ಬಂದ ಮೇಲೆ ಮೆಷಿನ್ ತರುವ" ಎಂದುಕೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಗಲ್ಫಿನಿಂದ ಬಂದವರಿಗೆ ನೋರ್ಕಾದ, ಅಂದರೆ ಕೇರಳ ಸರಕಾರದ ಅನಿವಾಸಿಗಳ ಇಲಾಖೆಯ, ಎನ್‌ಡಿಪ್ರೇಮ್ ಯೋಜನೆ ಇದೆ. ಕನಿಷ್ಠ 2 ವರ್ಷ ಹೊರದೇಶದಲ್ಲಿ ದುಡಿದಿರಬೇಕು. 30 ಲಕ್ಷದವರೆಗಿನ ಯೋಜನೆಗೆ ಶೇಕಡಾ 15ರಷ್ಟು ಸಬ್ಸಿಡಿ, ಆದರೆ ಹೆಚ್ಚೆಂದರೆ 3 ಲಕ್ಷ. ಅರ್ಜಿ ಹಾಕಿ, ಆದರೆ ಬಂದ ಮೊದಲ ಆರು ತಿಂಗಳು ಅಂಗಡಿ ತೆರೆಯಬೇಡಿ. ಹದಿನೈದು ವರ್ಷ ದೂರ ಇದ್ದವರಿಗೆ ಊರಿನ ಗಿರಾಕಿ ಯಾರು, ಸಾಲ ತಿರುಗಿಸುವವರು ಯಾರು, ತಿರುಗಿಸದವರು ಯಾರು ಎಂದು ಗೊತ್ತಿರುವುದಿಲ್ಲ. ಬೇಕರಿ ಹಾಕಬೇಕೆಂದಿದ್ದರೆ ಇನ್ನೊಬ್ಬರ ಬೇಕರಿಯಲ್ಲಿ ಮೂರು ತಿಂಗಳು ಕೌಂಟರಿನಲ್ಲಿ ನಿಲ್ಲಿ. ದುಬೈಯಲ್ಲಿ ಸೂಪರ್‌ವೈಸರ್ ಆಗಿದ್ದವರಿಗೆ ನಾಚಿಕೆ ಆಗುತ್ತದೆ, ನಿಜ. ಅಂಗಡಿ ಮುಚ್ಚುವಾಗಿನ ನಾಚಿಕೆ ಇನ್ನೂ ದೊಡ್ಡದು.

ಐವತ್ತಾರು

ಗಡಿಯ ತಲಪಾಡಿಯಿಂದ ಆಚೆ, ಕರ್ನಾಟಕದಲ್ಲಿ, ಸರಕಾರಿ ನೌಕರರು 60ಕ್ಕೆ ನಿವೃತ್ತಿ. ಈಚೆ 56ಕ್ಕೆ, 2013ರ ಏಪ್ರಿಲ್‌ನಿಂದ ಈಚೆಗೆ ಸೇರಿದವರಿಗೆ ಮಾತ್ರ 60. ಅಂದರೆ ನಮ್ಮ ಜಿಲ್ಲೆಯಲ್ಲಿ ಗಟ್ಟಿಮುಟ್ಟಾದ, ಪೆನ್ಷನ್ ಇರುವ, ಬೆಳಗ್ಗೆ ಒಂಬತ್ತು ಗಂಟೆಗೆ ಏನು ಮಾಡುವುದೆಂದು ತಿಳಿಯದ ಜನ ತುಂಬ. ಹೆಚ್ಚಿನವರ ಉತ್ತರ ಒಂದೇ, "ಇನ್ನು ತೋಟ ನೋಡಿಕೊಂಡಿರುವುದು."

ನನ್ನ ಸೋದರಮಾವ ಹಾಗೇ ಹೇಳಿದರು. ಕೂಡಲೇ ಮುನ್ನೂರು ಅಡಿಕೆ ಸಸಿ ಇಡಿಸಿದರು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು, ಆಗ ಮಾವನಿಗೆ ಅರವತ್ತೆರಡು. ಅದಾದರೂ ಆಗಲಿ, ಹಳೆಯ ತೋಟ ಇತ್ತಲ್ಲ. ಮೊದಲ ಮಳೆಗಾಲವೇ ಮಹಾಳಿ, ಅಡಿಕೆಯ ಕೊಳೆರೋಗ. ಮೈಲುತುತ್ತು-ಸುಣ್ಣದ ಮದ್ದನ್ನು ಮಳೆ ಹಿಡಿಯುವ ಮೊದಲೇ ಒಮ್ಮೆ ಬಿಡಬೇಕು, ಮತ್ತೆ ನಲ್ವತ್ತು ನಲ್ವತ್ತೈದು ದಿನಕ್ಕೆ ಇನ್ನೊಮ್ಮೆ. ಮದ್ದು ಬಿಡುವವರು ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಎಂದು ಹದಿನೆಂಟು ದಿನ ಮಾಡಿದರು, ಅಷ್ಟರಲ್ಲಿ ಮಳೆ ಹಿಡಿಯಿತು. ಮಾವ ಅಂಗಳದಲ್ಲಿ ಉದುರಿದ ಹಸಿ ಅಡಿಕೆ ಹೆಕ್ಕುತ್ತಾ, "ಫೈಲಾದರೆ ಒಂದು ದಿನ ತಡ ಆದರೂ ಕೊಳೆಯುತ್ತಿರಲಿಲ್ಲ ಮಗಾ" ಎಂದರು.

ತೋಟ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನೇ ನೋಡಿ, ಪತ್ರಿಕೆಯಲ್ಲಿ ದುಡಿದರು, ಪೆರಡಾಲದಲ್ಲಿ ಮೇಷ್ಟ್ರಾಗಿದ್ದರು, ಜೊತೆಗೆ ಬೇಸಾಯ, ಜೊತೆಗೆ ಪದ್ಯ. ನೂರು ವರ್ಷ ಬಾಳಿದರು. ಆದರೆ ಅವರು ಮಣ್ಣಿಗೆ ಇಳಿದದ್ದು ರಿಟೈರ್ ಆದ ಮಾರನೇ ದಿನ ಅಲ್ಲ. ತೋಟ ನೋಡಿಕೊಳ್ಳುವ ಆಸೆ ಇದ್ದರೆ ಐವತ್ತೊಂದಕ್ಕೇ ಶುರು ಮಾಡಿ, ರಜೆ ಹಾಕಿ ಒಂದು ಪೂರ್ತಿ ವರ್ಷದ ಕೆಲಸಗಳಲ್ಲಿ ಜೊತೆಗಿರಿ. ಮದ್ದು, ಕೊಯ್ಲು, ಒಣಗಿಸುವುದು, ಸುಲಿಯುವುದು, ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಕೊಂಡುಹೋಗುವುದು ಎಲ್ಲ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಬಂದಿದೆ, ನೆಲದಲ್ಲೇ ನಿಂತು ಮದ್ದು ಬಿಡಬಹುದು, ಅಡಿಕೆ ಕೊನೆ ತೆಗೆಯಬಹುದು. ಆದರೆ ಎತ್ತಿ ಹಿಡಿದು ನೋಡಿ, ಭುಜ ಏನು ಹೇಳುತ್ತದೆ ಎಂದು.

ಮಾವನಿಗೂ ನಾನು ನೋಟ್‌ಬುಕ್ ಕೊಟ್ಟೆ. ಮೊದಲು ಬೈದರು. "ಇಷ್ಟು ವರ್ಷ ಬರೆದದ್ದು ಸಾಲದಾ ನನಗೆ?" ಆಮೇಲೆ ಬರೆದರು, ಆಫೀಸಿನ ಹಾಗೆ ಗೆರೆ ಎಳೆದು, ಕ್ರಮಸಂಖ್ಯೆ ಹಾಕಿ, ಕೆಳಗೆ ಸಹಿ ಬೇರೆ. ತೋಟದ ಸಾಲಿನಲ್ಲೆಲ್ಲ "ಭಾ". "ಹ" ಇದ್ದದ್ದು ಒಂದೇ ಕಡೆ. ಪಕ್ಕದ ಮನೆ ಹುಡುಗಿಗೆ ಪಿಎಸ್‌ಸಿ ಗಣಿತ ಹೇಳಿಕೊಟ್ಟ ದಿನ. ಅದನ್ನು ತೋರಿಸಿದಾಗ, "ಅದು ಕೆಲಸವಾ?" ಎಂದು ಕೇಳಿದರು.

ಈಗ ತೋಟವನ್ನು ದೋಟಿ ಇಟ್ಟುಕೊಂಡಿರುವ ಇಬ್ಬರು ಹುಡುಗರಿಗೆ ಪಾಲಿಗೆ ಕೊಟ್ಟಿದ್ದಾರೆ. ಸಂಜೆ ಐದೂವರೆಯಿಂದ ಏಳರವರೆಗೆ ಜಗಲಿಯಲ್ಲಿ ಹನ್ನೊಂದು ಮಕ್ಕಳು, ತಿಂಗಳಿಗೆ ಇನ್ನೂರು ರೂಪಾಯಿ, ತಡವಾಗಿ ಬಂದವರಿಗೆ ಹಾಜರಿ ಇಲ್ಲ. ಮೊನ್ನೆ ನಾನು ಸಂಜೆ ಹೋದಾಗ ನನ್ನನ್ನೂ ಹೊರಗೆ ಬೆಂಚಿನಲ್ಲಿ ಕೂರಿಸಿದರು, ಕ್ಲಾಸ್ ಮುಗಿಯುವವರೆಗೆ.